ವಿಮೆಯವರೆಂದು ಹೇಳಿದ್ದು

ಪ್ರಿಯ ಗೆಳೆಯ,

ನೀನು ಕಟ್ಟಿ ಬೆಳೆಸಿದ, ಅಂಗಿಯ ಗುಂಡಿಗಳ ಕಾರ್ಖಾನೆ ಇಂದು ಬೆಳಿಗ್ಗೆ ಪರರ ಕೈಸೇರಿತು. ನೀನು ತೀರಿಕೊಂಡ ಮೇಲೆ ಅತ್ತಿಗೆಯವರು, “ಮೇಷ್ಟ್ರೇ, ಮಾರಾಟಕ್ಕೆ ಸಲಹೆ ಕೊಡೋಕೆ ನೀವೇ ಕೂತ್ಕೊಳ್ಳಿ” ಎಂದರು, ಒಪ್ಪಿಕೊಂಡೆ.

ಮೊದಲು ಬೆಲೆ ಕಟ್ಟಿಸಿದೆವು, ಬಳಿಕ ಕಾಗದಪತ್ರಗಳನ್ನು ತೋರಿಸಿದೆವು. ಮೂರನೆಯ ಹಂತದಲ್ಲಿ ಕೊಳ್ಳುವವರು ಕಾರ್ಖಾನೆ ನೋಡಲು ಬಂದರು. ಅವರಿಗೆ ಬೇಕಾದದ್ದು ಯಂತ್ರಗಳು ಮಾತ್ರ ಎಂಬುದು ನನಗೆ ತಿಳಿದಿತ್ತು. ಸಹಿಯಾಗುವವರೆಗೆ ಕೆಲಸಗಾರರಿಗೆ ವಿಷಯ ತಿಳಿಯಕೂಡದೆಂದು ಸಲಹೆಯಿತ್ತವನೂ ನಾನೇ.

ನಿನ್ನ ಗೆಳೆಯನೆಂದಷ್ಟೇ ನನ್ನನ್ನು ಬಲ್ಲ ಮೇಸ್ತ್ರಿ ಅಂದು ನನ್ನನ್ನು ತಡೆದು ನಿಲ್ಲಿಸಿದ.

“ಯಾರು ಮೇಷ್ಟ್ರೇ ಇವ್ರೆಲ್ಲ? ಕಾರ್ಖಾನೆ ಮಾರ್ತಿದಾರಾ?”

“ಇಲ್ಲಪ್ಪ, ವಿಮೆಯವರು” ಎಂದೆ.

“ಸದ್ಯ! ಬೇರೆ ಕಡೆ ಕೆಲಸಕ್ಕೆ ಕರೆದಿದ್ರು, ಬರಲ್ಲ ಅಂದ್ಬಿಡ್ತೀನಿ. ನೀವೇನಾದ್ರೂ ಸುಳ್ಳು ಹೇಳಿದ್ರೆ ನಿಮ್ಮನ್ನ ನೀವೇ ಬೆಂಚಿನ ಮೇಲೆ ನಿಲ್ಲಿಸ್ಕೊಳ್ಳೋರು!” ಎಂದು ನಕ್ಕ.

ಆಗಲಾದರೂ ಅವನನ್ನು ತಡೆಯಬಹುದಿತ್ತು. ನಾನು ಕನ್ನಡಕ ಒರೆಸಿಕೊಂಡು ಮುಂದೆ ನಡೆದೆ.

ಇಂದು ಸಹಿಗಳಾದ ಬಳಿಕ ಕೆಲಸಗಾರರನ್ನೆಲ್ಲ ಅಂಗಳದಲ್ಲಿ ಸೇರಿಸಿ, ಮಾರಾಟದ ಪ್ರಕಟಣೆಯನ್ನು ಓದಿದರು. ಅದನ್ನು ತಿದ್ದಿಕೊಟ್ಟವನು ನಾನು; ಒಂದಕ್ಷರವೂ ತಪ್ಪಿರಲಿಲ್ಲ. ಓದಿ ಮುಗಿಯುತ್ತಲೇ ಮೇಸ್ತ್ರಿ ನೇರವಾಗಿ ನನ್ನ ಬಳಿಗೆ ಬಂದ. ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ. ಅದನ್ನು ಬಯಸಿಯೇ ನಿಂತಿದ್ದೆನೆಂದರೂ ಸರಿ. ಅವನು ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದ:

“ಪಾಪ, ನಿಮಗೂ ಮೋಸ ಮಾಡಿದ್ರಲ್ಲ ಮೇಷ್ಟ್ರೇ. ನಿಮಗೂ ಗೊತ್ತಿರ್ಲಿಲ್ಲ, ಅಲ್ವಾ?”

ಗೊತ್ತಿರಲಿಲ್ಲವೆಂದು ತಲೆಯಾಡಿಸಿದೆ, ಗೆಳೆಯ.