ಪರಸವ್ವನ ‘ಹ್ಞೂಂ’ ಗದ್ದಲವಲ್ಲ

ಸಂಶೋಧನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ಹಳ್ಳಿಯ ಹೆಣ್ಣುಮಕ್ಕಳು ವಿಡಿಯೊ ಕಾಲ್‌ನಲ್ಲಿ ಇಂಗ್ಲಿಷ್ ಮಾತು ರೂಢಿಸಿಕೊಳ್ಳುವ ಬಗೆ ಕುರಿತ ನನ್ನ ಪ್ರಬಂಧವನ್ನು, ಅದರ ರೆಕಾರ್ಡಿಂಗ್‌ಗಳಲ್ಲಿ ‘ಹಿನ್ನೆಲೆ ಗದ್ದಲ’ ಇದೆಯೆಂಬ ಕಾರಣಕ್ಕೆ ತಾವು ಹಿಂದಿರುಗಿಸಿದ್ದೀರಿ. ಮಾತಾಡುವವಳು ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬಳೇ ಇರಬೇಕು, ಹಾಗೆ ಮತ್ತೆ ರೆಕಾರ್ಡ್ ಮಾಡದಿದ್ದರೆ ನನ್ನ ಪಿಎಚ್.ಡಿ. ನೋಂದಣಿ ರದ್ದು ಎಂದಿದ್ದೀರಿ. ತಾವು ಗದ್ದಲವೆಂದದ್ದಕ್ಕೆ ಒಂದು ಹೆಸರಿದೆ: ಪರಸವ್ವ.

ನಿಯಮ ಪಾಲಿಸುವುದರಲ್ಲಿ ನಾನೇನು ಕಡಿಮೆಯವಳಲ್ಲ. ನನ್ನ ಅಧ್ಯಯನದಲ್ಲಿರುವ ಹೊನವಾಡದ ಆಮ್ರಪಾಲಿಗೆ ವಿಡಿಯೊ ಕಾಲ್ ಮಾಡಿದಾಗ ಮೊದಲು ನಾನೇ ಬಾಗಿಲು ಹಾಕಿಸಿದ್ದೆ. ದ್ರಾಕ್ಷಿ ತೋಟದ ಕೆಲಸದ ಬಗ್ಗೆ ಇಂಗ್ಲಿಷಿನಲ್ಲಿ ಕೇಳಿದರೆ ‘ಯೆಸ್’, ‘ನೋ’, ಆಮೇಲೆ ಗೋಡೆ ನೋಡುವುದು. ಅಷ್ಟರಲ್ಲಿ ಅವಳ ಅತ್ತೆ ಪರಸವ್ವ ಬಾಗಿಲು ಬಡಿದರು. ಆ ಮನೆಯಲ್ಲಿ ವಿಡಿಯೊ ಕಾಲ್ ಬಂದರೆ ಫೋನು ಎಲ್ಲರ ಕೈಗೂ ಹೋಗಿ, ಎಲ್ಲರ ಊಟ ವಿಚಾರಿಸಿದ ಮೇಲೇ ಮುಂದಿನ ಮಾತು. ಕದ ಹಾಕಿಕೊಂಡು ಆಡುವ ಗುಟ್ಟೇನು ಎಂದು ಅವರಿಗೆ ಚಿಂತೆ. ಒಳಬಂದವರು ಸೊಸೆಯ ಪಕ್ಕ ಕುಳಿತೇಬಿಟ್ಟರು.

“ನೀ ಹೇಳ ಬೇ. ತಪ್ಪಾದ್ರ ಇಲ್ಲಿ ಯಾರಿಗ್ ತಿಳೀತೈತಿ?”

ಆಮ್ರಪಾಲಿ ನಕ್ಕಳು. ಬಳ್ಳಿ ಕತ್ತರಿಸುವುದರಿಂದ ಹಿಡಿದು ಒಣದ್ರಾಕ್ಷಿ ಮಾಡುವವರೆಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಒಂದಕ್ಷರ ತಿಳಿಯದ ಪರಸವ್ವ ಪ್ರತಿ ಮಾತಿಗೂ ‘ಹ್ಞೂಂ’ ಎಂದರು. ನನಗೆ ಕಣ್ಣು ತುಂಬಿತು. ತಾವು ಅಳಿಸಲು ಹೇಳಿದ್ದು ಆ ಹ್ಞೂಂ.

ಇನ್ನು ನನ್ನ ಪ್ರತಾಪ ತಾವೇ ಕಂಡಿದ್ದೀರಿ. ಪ್ರಬಂಧದ ಬಗ್ಗೆ ತಾವು ನಡೆಸಿದ ವಿಡಿಯೊ ಸಂದರ್ಶನಕ್ಕೆ ತಾಯಿಯನ್ನೂ ಹೊರಗಟ್ಟಿ, ಕೋಣೆ ಮುಚ್ಚಿ, ಒಬ್ಬಳೇ ಕುಳಿತಿದ್ದೆ. ಊರಿಗೆಲ್ಲ ಇಂಗ್ಲಿಷ್ ಮಾತಾಡಿಸುವ ಪಂಡಿತೆ ‘ಆಕ್ಚುವಲಿ ಸರ್’ ದಾಟಿ ಮುಂದೆ ಹೋಗಲಿಲ್ಲ. ಮಾನ ಉಳಿಸಿಕೊಳ್ಳಲು, ನೆಟ್‌ವರ್ಕ್ ಕೈಕೊಟ್ಟಿತೆಂದು ತಾವು ತಿಳಿಯಲಿ ಎಂದು, ಬಾಯಿ ತೆರೆದುಕೊಂಡೇ ಕಲ್ಲಾಗಿ ಕುಳಿತೆ. ಹಿಂದೆ ಫ್ಯಾನು ತಿರುಗುತ್ತಲೇ ಇತ್ತೆಂಬುದು ತಾವು ಹೇಳಿದ ಮೇಲೆ ಹೊಳೆಯಿತು. ಇಷ್ಟು ನಿಯಮಬದ್ಧವಾದ ರೆಕಾರ್ಡಿಂಗ್ ತಮಗೆ ಬೇರೆಲ್ಲಿ ಸಿಕ್ಕೀತು? ಒಂದಿಷ್ಟೂ ಗದ್ದಲವಿಲ್ಲ, ಮಾತೂ ಇಲ್ಲ. ಬೇಕಿದ್ದರೆ ಅದನ್ನೂ ನನ್ನ ಪ್ರಬಂಧದ ಪುರಾವೆಗಳಲ್ಲಿ ಸೇರಿಸಿಕೊಳ್ಳಿ.

ನನ್ನ ಬೇಡಿಕೆ ಇಷ್ಟೇ. ಒಂದೂ ಹ್ಞೂಂ ಅಳಿಸದೆ ಪ್ರಬಂಧವನ್ನು ಸ್ವೀಕರಿಸಿ. ಇನ್ನೊಮ್ಮೆ ಸಂದರ್ಶಿಸುವುದಾದರೆ ನಾನು ಹೊನವಾಡದಿಂದ ಮಾತಾಡಲು ಅನುಮತಿ ಕೊಡಿ. ಪಕ್ಕದಲ್ಲಿ ಪರಸವ್ವ ಇರುತ್ತಾರೆ. ತಮ್ಮ ಊಟವಾಯಿತೇ ಎಂದು ಅವರು ಮೊದಲು ಕೇಳುತ್ತಾರೆ, ದಯವಿಟ್ಟು ಉತ್ತರಿಸಿ. ಆಮೇಲೆ ನಾನು ಮಾತಾಡುತ್ತೇನೆ.

ಇಂತಿ,
ಫ್ಯಾನು ತಿರುಗುವಾಗ ತಾನು ಮಾತ್ರ ನಿಂತುಹೋದ
ತರನ್ನುಮ, ಸಂಶೋಧನಾ ವಿದ್ಯಾರ್ಥಿನಿ
ಇಬ್ರಾಹಿಂಪುರ, ವಿಜಯಪುರ