ಏಳನೆಯ ನಿಲುಗಡೆಯ ಮುಂಬಾಗಿಲು

ನಗರ ಪರಂಪರೆ ಸಂರಕ್ಷಣಾ ಆಯೋಗದ ಮಾನ್ಯ ಅಧ್ಯಕ್ಷರೇ,

ನಮ್ಮ ಮನೆಯ ಮುಂದೆ ಮರದ ಇಳಿಜಾರು ಹಾದಿ ಹಾಕಿಕೊಳ್ಳಲು ನಾನು ಕೋರಿದ್ದ ಅನುಮತಿಯನ್ನು ತಾವು ಎರಡನೆಯ ಬಾರಿಯೂ ನಿರಾಕರಿಸಿದ್ದೀರಿ. ಪರಿಣಾಮವಾಗಿ, ಕಳೆದ ಚಳಿಗಾಲದಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ ಗಾಲಿಕುರ್ಚಿ ಹಿಡಿದಿರುವ ನನ್ನ ತಾಯಿ ವರ್ಡೆಲ್ ಗ್ಯಾಡಿಸ್ ಅವರು ಈಸ್ಟರ್ ಹಬ್ಬದಿಂದೀಚೆಗೆ ಹೊಸ್ತಿಲು ದಾಟಿಲ್ಲ. ಈಗ ಬೀದಿಯ ಮೇಪಲ್ ಮರಗಳು ಎಲೆ ಉದುರಿಸುತ್ತಿವೆ. ತಮ್ಮ ನಮೂನೆಗಳಲ್ಲಿ ಕಟ್ಟಡದ ವಯಸ್ಸನ್ನು ಕೇಳುವ ಅಂಕಣವಿದೆ, ಒಳಗಿರುವವರ ವಯಸ್ಸಿಗೆ ಇಲ್ಲ. ಆದ್ದರಿಂದ ಪತ್ರಿಕೆಯ ಮೂಲಕ ತಿಳಿಸುತ್ತಿದ್ದೇನೆ: ಅವರಿಗೆ ಎಂಬತ್ತೊಂದು.

ನಾನು ಸೇತುವೆಗಳನ್ನು ಪರೀಕ್ಷಿಸುವ ಎಂಜಿನಿಯರ್. ಹಳೆಯದನ್ನು ಉಳಿಸುವುದು ಎಷ್ಟು ಕಷ್ಟವೆಂದು ಬಲ್ಲವನಾದ್ದರಿಂದ ಆಯೋಗದ ಮೇಲೆ ನನಗೆ ಗೌರವವಿತ್ತು. ಮುಂಭಾಗದ ಕಲ್ಲುಮೆಟ್ಟಿಲಿಗೆ ಒಂದು ಮೊಳೆಯೂ ತಾಗದಂತೆ, ಬೇಡವಾದ ದಿನ ಕಲೆಯುಳಿಯದಂತೆ ಬಿಚ್ಚಿ ತೆಗೆಯಬಹುದಾದ ಇಳಿಜಾರಿನ ನಕ್ಷೆ ಸಲ್ಲಿಸಿದೆ. ಬೀದಿಗೆ ಕಾಣುವ ಐತಿಹಾಸಿಕ ಸ್ವರೂಪಕ್ಕೆ ಧಕ್ಕೆಯಾಗುತ್ತದೆ ಎಂದಿರಿ. ಸರಿ, ಪಕ್ಕದ ಬಾಗಿಲಿಗೆ ನಕ್ಷೆ ಮಾಡಿದೆ. ಅಲ್ಲಿ ಕಂಬಕ್ಕೆ ಗುಂಡಿ ತೋಡಿದರೆ ನೆಲದಡಿಯ ಸುರಂಗ ಹಾಳಾಗುತ್ತದೆ ಎಂದಿರಿ. ಹಿತ್ತಿಲ ಬಾಗಿಲು ತೆರೆದರೆ ಒಹಾಯೋ ನದಿಯ ಕಡೆಗೆ ಕಡಿದಾದ ಇಳಿಜಾರು. ಅದು ಮಾತ್ರ ತಮ್ಮ ನಿಯಮಗಳಿಗೆ ಒಳಪಡುವುದಿಲ್ಲ. ಎಂಬತ್ತೊಂದರ ಹೆಂಗಸು ಅಲ್ಲಿಂದ ಉರುಳಿದರೆ ಯಾವ ಪರಂಪರೆಗೂ ಧಕ್ಕೆಯಿಲ್ಲ ಎಂದು ತಿಳಿಯಬೇಕೆ?

ಸುರಂಗದ ವಿಷಯ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ನದಿ ದಾಟಿ ಬಂದವರು ಅದರಲ್ಲಿ ಅಡಗಿದ್ದರು ಎಂದು ತಾವು ನಮ್ಮ ಗೇಟಿಗೆ ಕಂಚಿನ ಫಲಕ ಹಾಕಿಸಿದ್ದೀರಿ. ನಮ್ಮ ನದಿತೀರದ ಊರುಗಳಲ್ಲಿ ನೆಲಮಾಳಿಗೆಯ ಗೋಡೆಯಲ್ಲಿ ಒಂದು ತೂತು ಕಂಡರೆ ಸಾಕು, ಅದು ಸುರಂಗವಾಗಿಬಿಡುತ್ತದೆ. ನಮ್ಮದು ಮಳೆನೀರಿನ ತೊಟ್ಟಿ ತುಂಬಿದಾಗ ಹೆಚ್ಚಿನ ನೀರು ನದಿಗೆ ಹೋಗಲೆಂದು ಕಟ್ಟಿದ ಇಟ್ಟಿಗೆ ಚರಂಡಿ. ಅದರಲ್ಲಿ ಬೆಕ್ಕು ನುಸುಳಬಹುದು, ಮನುಷ್ಯ ನುಸುಳಲಾರ. ಇಟ್ಟಿಗೆಯ ಮೇಲೆ ಯಾವ ಭಟ್ಟಿಯ ಮುದ್ರೆಯಿದೆಯೋ ಆ ಭಟ್ಟಿ ಉರಿಯತೊಡಗಿದ್ದೇ, ಗುಲಾಮಗಿರಿಯನ್ನು ಕೊನೆಗಾಣಿಸಿದ ಅಂತರ್ಯುದ್ಧ ಮುಗಿದು ಒಂದು ತಲೆಮಾರು ಕಳೆದ ಮೇಲೆ. ಮನೆ ಕಟ್ಟಿಸಿದ ಸಾಬೂನು ಕಾರ್ಖಾನೆಯ ಒಡೆಯ ನಮ್ಮಂಥ ಕಪ್ಪು ಜನರನ್ನು ಮೆಟ್ಟಿಲು ಹತ್ತಗೊಡುತ್ತಿರಲಿಲ್ಲವೆಂದು, ಅವನಿಗೆ ಬಟ್ಟೆ ಒಗೆದ ನನ್ನ ಮುತ್ತಜ್ಜಿಯೇ ಹೇಳುತ್ತಿದ್ದರು. ಅವರ ತಾಯಿ ನಿಜವಾಗಿಯೂ ಹೊಳೆ ದಾಟಿ ಬಂದವರು. ಅವರನ್ನು ಬಚ್ಚಿಟ್ಟವನು ಕೆಳಗಿನ ಬೀದಿಯ ಒಬ್ಬ ಕಪ್ಪು ಕ್ಷೌರಿಕ. ಅವನ ಮನೆಯನ್ನು ಊರು ಉಳಿಸಿಕೊಳ್ಳಲಿಲ್ಲ. ಈಗ ಅಲ್ಲಿ ತಾವು ನಡೆಸುವ ಪರಂಪರೆ ಪ್ರವಾಸದ ಬಸ್ಸುಗಳು ನಿಲ್ಲುತ್ತವೆ.

ಇದನ್ನೆಲ್ಲ ಚಿತ್ರಸಹಿತ ಬರೆದುಕೊಟ್ಟೆ. ‘ಜನಪ್ರಿಯ ನಂಬಿಕೆಯೂ ಪರಂಪರೆಯ ಭಾಗವೇ’ ಎಂಬ ಉತ್ತರ ಬಂತು. ಇರಬಹುದು. ಆದರೆ ನಂಬಿಕೆಯ ಮೇಲೆ ಕಂಬ ನೆಡಬಾರದೆಂದು ಯಾವ ಶಾಸ್ತ್ರದಲ್ಲಿದೆ?

ನಾವು ತಮ್ಮ ಪ್ರವಾಸದ ಏಳನೆಯ ನಿಲುಗಡೆ. ಮಾರ್ಗದರ್ಶಿ ಮಾರ್ಜೀನ್ ನಿವೃತ್ತ ಶಿಕ್ಷಕಿ, ಒಳ್ಳೆಯ ಹೆಂಗಸು. ತಾವು ಕೊಟ್ಟ ಪಾಠವನ್ನು ಒಪ್ಪಿಸುತ್ತಾರೆ, ಅಷ್ಟೆ. ತಾಯಿ ಕಿಟಕಿಯ ಬಳಿ ಕುಳಿತು ಕೇಳುತ್ತಾರೆ.

“ಇದೇ ನೋಡಿ ಆ ಬಾಗಿಲು. ಇಲ್ಲಿಂದ ಎಷ್ಟು ಜೀವ ಬಿಡುಗಡೆ ಕಂಡ್ವೋ, ದೇವರಿಗೇ ಗೊತ್ತು.”

“ದೇವರಿಗೆ ಗೊತ್ತಿರಬಹುದು ಕಣೇ ಮಾರ್ಜೀನ್, ನಂಗಂತೂ ಗೊತ್ತಿಲ್ಲ. ಹುಟ್ಟಿದಾಗಿಂದ ಇದೇ ಮನೇಲಿದೀನಿ.”

ಪ್ರವಾಸಿಗರು ನಗುತ್ತಾರೆ. ಒಮ್ಮೆ ಒಬ್ಬ ಯುವಕ ಬೇಲಿಯ ಮೇಲೆ ಬಾಗಿ ಕೇಳಿದ: “ಅಜ್ಜೀ, ಸುರಂಗ ಒಂಚೂರು ನೋಡಬಹುದಾ?”

“ಧಾರಾಳವಾಗಿ ನೋಡಪ್ಪ. ವಾಪಸ್ ಹೋಗ್ವಾಗ ನನ್ನನ್ನೂ ಅದರೊಳಗಿಂದ ಎಳ್ಕೊಂಡು ಹೋಗು.”

ಈಸ್ಟರ್ ದಿನ ನಡೆದದ್ದನ್ನು ಹೇಳಲು ನನಗೆ ಇಷ್ಟವಿಲ್ಲ. ಹೇಳದೆ ಬೇರೆ ದಾರಿಯೂ ಇಲ್ಲ. ಅಲ್ಲಿಯವರೆಗೆ ಭಾನುವಾರಗಳಲ್ಲಿ ನಮ್ಮ ಚರ್ಚಿನ ನಾಲ್ವರು ಬಂದು ತಾಯಿಯನ್ನು ಕುರ್ಚಿಸಮೇತ ಹೊತ್ತು ಮೆಟ್ಟಿಲಿಳಿಸುತ್ತಿದ್ದರು. ಅಂದೂ ಬಂದರು, ಕಪ್ಪು ಸೂಟು ತೊಟ್ಟು. ತಾಯಿ ಬಿಳಿಯ ಉಡುಪಿನಲ್ಲಿದ್ದರು, ಬಿಳಿಯ ಕೈಗವಸು, ಅಗಲ ಅಂಚಿನ ಟೋಪಿ. ಅವರು ನಲವತ್ತು ವರ್ಷ ಆ ಚರ್ಚಿನಲ್ಲಿ ಜನರನ್ನು ಬಾಗಿಲಲ್ಲಿ ಸ್ವಾಗತಿಸಿ ಕೂರಿಸಿದವರು. ಅದು ಆ ಸೇವೆಯ ಉಡುಪು.

“ಅಕ್ಕಾ, ಟೋಪಿ ಹಿಡ್ಕೋ. ಮಹಾರಾಣಿ ಹೊರಟ್ಳು ಅಂತ ಊರಿಗೆಲ್ಲ ಗೊತ್ತಾಗ್ಲಿ,” ಎಂದರು ನಾಲ್ವರಲ್ಲಿ ಹಿರಿಯರಾದ ಓಜೆಲ್.

“ಮಹಾರಾಣೀನ ಹೊರೋಕೆ ಇಂಥ ಮುದುಕರೇ ಸಿಕ್ಕಿದ್ದಾ? ನಿನ್ನ ಮಂಡಿ ಲಟಲಟ ಅನ್ನೋದು ನಂಗೆ ಇಲ್ಲಿಗೇ ಕೇಳ್ತಿದೆ ಕಣೋ.”

ಅವರು ಮೆಟ್ಟಿಲ ಮಧ್ಯಕ್ಕೆ ಬರುವಷ್ಟರಲ್ಲಿ ಪ್ರವಾಸದ ಗುಂಪು ಗೇಟಿಗೆ ಬಂತು. ಇದಕ್ಕೆ ಹಿಂದಿನ ನಿಲುಗಡೆಯಲ್ಲಿ, ಮೇಲಿನ ಬೀದಿಯ ವಸ್ತುಸಂಗ್ರಹಾಲಯದಲ್ಲಿ, ಹಳೆಯ ಕಾಲದ ಉಡುಪು ತೊಟ್ಟ ಸ್ವಯಂಸೇವಕಿಯರು ಬೆಣ್ಣೆ ಕಡೆದು, ಮೇಣದ ಬತ್ತಿ ಎರೆದು ತೋರಿಸುತ್ತಾರೆ. ಅದನ್ನು ನೋಡಿ ಬಂದ ಕಣ್ಣುಗಳು ಇದನ್ನೂ ಹಾಗೆಯೇ ಕಂಡವು.

“ಅಯ್ಯೋ, ಎಷ್ಟು ನಿಜ ಅನ್ನೋ ಹಾಗೆ ಮಾಡ್ತಾರಲ್ಲ,” ಎಂದಳು ಒಬ್ಬಾಕೆ. ಯಾರೋ ಚಪ್ಪಾಳೆ ತಟ್ಟಿದರು, ನಂತರ ಎಲ್ಲರೂ ತಟ್ಟಿದರು. ಮಾರ್ಜೀನ್ ಕೈಯೆತ್ತಿ, “ಬೇಡ, ಇದು ಅದಲ್ಲ,” ಎಂದರು, ಚಪ್ಪಾಳೆಯಲ್ಲಿ ಕೇಳಿಸಲಿಲ್ಲ. ಫೋನು ಹಿಡಿದಿದ್ದ ಒಬ್ಬಾತ ಓಜೆಲ್ ಅವರಿಗೆ ಹೇಳಿದ: “ಸರ್, ಅಲ್ಲೇ ಒಂದು ನಿಮಿಷ ನಿಲ್ತೀರಾ? ಮುಖ ಸ್ವಲ್ಪ ಈ ಕಡೆ.”

ನಾಲ್ವರಿಗೂ ಅರವತ್ತು ದಾಟಿದೆ. ತೂಕ ಹೊತ್ತು ಮೆಟ್ಟಿಲ ಮೇಲೆ ನಿಂತಿದ್ದಾರೆ. ತಾಯಿ ಟೋಪಿಯನ್ನು ಮುಖಕ್ಕೆ ಅಡ್ಡ ಹಿಡಿದರು.

“ಓಜೆಲ್, ನನ್ನ ಒಳಗೆ ಕರ್ಕೊಂಡು ಹೋಗು.”

“ಅಕ್ಕಾ, ಆರಾಧನೆಗೆ ಹೊತ್ತಾಯ್ತು. ಅವರಿಗೇನು ಗೊತ್ತು, ಬಿಡು.”

“ಒಳಗೆ ಅಂದೆ.”

ಅವರು ಹಿಮ್ಮುಖವಾಗಿ ಹತ್ತಿದರು. ಅಂದಿನಿಂದ ತಾಯಿ ಯಾರಿಂದಲೂ ಹೊರಿಸಿಕೊಂಡಿಲ್ಲ. “ಚಕ್ರ ಉರುಳಿಸ್ಕೊಂಡು ನಾನೇ ಹೋಗೋ ಹಾಗಿದ್ರೆ ಹೇಳು, ಇಲ್ಲಾಂದ್ರೆ ನನ್ನ ಪಾಡಿಗೆ ಬಿಡು,” ಎನ್ನುತ್ತಾರೆ. ಮಾರ್ಜೀನ್ ಮರುದಿನವೇ ಬಂದು ಅತ್ತು ಹೋದರು. ಆಯೋಗದಿಂದ ಯಾರೂ ಬರಲಿಲ್ಲ.

ಮನೆ ಮಾರಿ ಬೇರೆಡೆ ಹೋಗಬಹುದಲ್ಲ ಎಂದು ತಮ್ಮ ಕಚೇರಿಯವರೊಬ್ಬರು ಸಲಹೆ ಕೊಟ್ಟರು. ರೈಲುಹಳಿಯ ಈಚೆಗೆ ನಮ್ಮವರಿಗೆ ಯಾರೂ ಮನೆ ಮಾರದಿದ್ದ ಕಾಲದಲ್ಲಿ, ಬಿದ್ದುಹೋಗುವಂತಿದ್ದ ಇದನ್ನು ಕೊಂಡು ಉಳಿಸಿದವರು ನನ್ನ ಅಜ್ಜ. ಆಗ ಇದರಲ್ಲಿ ಯಾರಿಗೂ ಇತಿಹಾಸ ಕಂಡಿರಲಿಲ್ಲ. ಅನುಮತಿಯಿಲ್ಲದೆ ಕಟ್ಟಿಬಿಡಿ ಎಂದು ನೆರೆಯವರು ಹೇಳುತ್ತಾರೆ. ನಿಯಮಗಳನ್ನು ಪಾಲಿಸಲಾಗಿದೆ ಎಂದು ಸಹಿ ಹಾಕುವುದೇ ನನ್ನ ಉದ್ಯೋಗ. ಸ್ವಂತ ಮನೆಯಲ್ಲಿ ಅವುಗಳನ್ನು ಮುರಿದವನ ಸಹಿಯನ್ನು ನಂಬಿ ಮರುದಿನ ಯಾರು ಸೇತುವೆ ದಾಟಬೇಕು? ಹಾಗಾಗಿ ನಾನೂ ತಾಯಿಯೂ ಒಳಗೆ ಕುಳಿತಿದ್ದೇವೆ. ಹೊರಗೆ ತಮ್ಮ ಧ್ವನಿವರ್ಧಕ ಬಿಡುಗಡೆಯ ಕತೆ ಹೇಳುತ್ತದೆ.

ಕಳೆದ ಭಾನುವಾರ, ನಾನು ಮತ್ತೆ ನಕ್ಷೆ ತಿದ್ದುವುದನ್ನು ನೋಡಿ ತಾಯಿ ಹೇಳಿದರು: “ಸಾಕು ಬಿಡೋ ಥರ್ಮನ್. ಒಂದಿನ ಆರು ಜನ ಬಂದು ನನ್ನ ಆ ಬಾಗಿಲಿಂದಲೇ ಹೊತ್ಕೊಂಡು ಹೋಗ್ತಾರೆ. ಆಗ ಬೇಡ ಅನ್ನೋಕೆ ನಾನೂ ಇರಲ್ಲ. ಅದಕ್ಕೂ ಆಯೋಗದ ಒಪ್ಪಿಗೆ ಬೇಕಾ, ಒಂಚೂರು ನೋಡು.”

ನಾನು ನಿಯಮಾವಳಿ ತೆಗೆದು ನೋಡಿದೆ. ಬೇಕಾಗಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೆ. ಮುಂದಿನ ಸಭೆಯಲ್ಲಿ, ಹಿಮ ಬೀಳುವ ಮೊದಲು, ಮುಂಬಾಗಿಲಿನ ಇಳಿಜಾರಿಗೆ ಒಪ್ಪಿಗೆ ಕೊಡಿ. ಕೊಡಲಾಗದಿದ್ದರೆ ಈ ಬಾರಿ ನಿರಾಕರಣೆಯನ್ನು ಅಂಚೆಯಲ್ಲಿ ಕಳಿಸಬೇಡಿ. ಸದಸ್ಯರೆಲ್ಲ ನಮ್ಮ ಮನೆಗೆ ಬಂದು, ನನ್ನ ತಾಯಿಯ ಎದುರು ಕುಳಿತು, ಅದನ್ನು ಅವರಿಗೆ ಓದಿ ಹೇಳಿ. ಅವರು ಅಡ್ಡ ಮಾತಾಡುವುದಿಲ್ಲ, ಕಾಫಿ ಕೊಡಿಸುತ್ತಾರೆ. ಕುಡಿದ ಮೇಲೆ ತಾವೆಲ್ಲ ಎದ್ದು, ಆ ಮೆಟ್ಟಿಲುಗಳನ್ನಿಳಿದು, ತಮ್ಮ ತಮ್ಮ ಮನೆಗಳಿಗೆ ಹೋಗಬಹುದು.

ಇಂತಿ,
ಸಂರಕ್ಷಿತ ಕಟ್ಟಡವೊಂದರ ಅಸಂರಕ್ಷಿತ ನಿವಾಸಿ,
ಥರ್ಮನ್ ಗ್ಯಾಡಿಸ್