ಕಡಲತೊಟ್ಟಿಗೆ ಹೆಪ್ಪು

1987 ಫೆಬ್ರವರಿ 22, ಭಾನುವಾರ

ಕಡಲ ಮೀನಿನ ತೊಟ್ಟಿಯಿಂದ ಅರ್ಧ ಬಕೆಟ್ ತೆಗೆದು ಹೊಸ ನೀರು ಹಾಕಿದೆ. ದಿನಾ ಇದೇ. ತೂತ್ತುಕ್ಕುಡಿಗೆ ಬನಿಯನ್ ಬಂಡಲ್ ಹೊತ್ತು ಹೋದ ಲಾರಿ ವಾಪಸು ಬರುವಾಗ ಕ್ಯಾನಿನಲ್ಲಿ ಕಡಲು ತರುತ್ತದೆ. ತಿರುಪ್ಪೂರಿಗೆ ಸಮುದ್ರವೂ ರಿಟರ್ನ್ ಲೋಡು.

ನೀಲಿ ಮೀನು ಎರಡೂ ಸತ್ತವು. ಉಳಿದದ್ದು ಕೋಮಾಳಿ, ಅಂದರೆ ಕೋಡಂಗಿ ಮೀನು, ಒಂದೇ. ಕಿತ್ತಳೆ ಮೈ, ಬಿಳಿ ಪಟ್ಟೆ. ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದೆ.

ಪಂಪು ಸರಿ. ಉಪ್ಪು ಸರಿ. ಫಿಲ್ಟರಿಗೆ ಏನು ತುಂಬಬೇಕು ಅನ್ನುವುದೇ ತಕರಾರು. ಮೊದಲು ಬನಿಯನ್ ವೇಸ್ಟ್ ತುರುಕಿದ್ದೆ— ನೂಲಿನವನ ಬುದ್ಧಿ. ಬ್ಲೀಚಿಂಗ್ ವಾಸನೆ ಹೋಗಿರಲಿಲ್ಲ. ಕಿತ್ತು ಬಿಸಾಕಿದೆ.

ಮಾರ್ಚ್ 3

ಮದುಕ್ಕರೈಯಿಂದ ಸುಣ್ಣಕಲ್ಲಿನ ಚೂರು ತರಿಸಿದೆ. ಕೆಳಗೆ ಇಟ್ಟಿಗೆ ಪುಡಿ. ಇದು ಸರಿಯಂತೆ. ಆದರೆ ಮುಖ್ಯ ಕಲ್ಲಲ್ಲ, ಅದರ ಮೇಲೆ ಹಿಡಿಯುವ ಲೋಳೆ ಅನ್ನುತ್ತದೆ ಪುಸ್ತಕ. ಮೀನಿನ ಹೊಲಸು ನೀರನ್ನು ವಿಷ ಮಾಡುತ್ತದೆ. ಲೋಳೆಯಲ್ಲಿರುವ ಬ್ಯಾಕ್ಟೀರಿಯಾ ಆ ವಿಷ ತಿನ್ನುತ್ತದೆ. ಹೊಸ ಕಲ್ಲಿಗೆ ತಾನಾಗಿ ಹಿಡಿಯಲು ತಿಂಗಳುಗಳೇ ಬೇಕು... ಕೋಮಾಳಿಗೆ ಅಷ್ಟು ಆಯುಸ್ಸು ಕಾಣೆ.

ನಾಚಿಯಮ್ಮನಿಗೆ ಹೇಳಿದೆ. ಹಾಲಿಗೆ ಹೆಪ್ಪು ಹಾಕುತ್ತಿದ್ದಳು. ಕೇಳಿ ನಕ್ಕಳು.

"ಹೆಪ್ಪಿಲ್ದೆ ಹಾಲು ಕಾಸ್ಕೊಂಡು ಕೂತಿದ್ದೀರ. ಅಣ್ಣಾರ ತೊಟ್ಟೀಲಿ ಇಲ್ವಾ? ಹೋಗಿ ಕೇಳಿ, ಪರವಾಯಿಲ್ಲೆ."

ಹೆಂಡತಿಗೇನು, ಹೇಳಿಬಿಡುತ್ತಾಳೆ. ಅಣ್ಣನೂ ನಾನೂ ಪಾಲಾದಾಗ ಮಗ್ಗ ಎರಡಾಯಿತು, ಪಾತ್ರೆ ಎರಡಾಯಿತು. ಕಡಲತೊಟ್ಟಿ ಎರಡಾಗಲಿಲ್ಲ. ಇಬ್ಬರೂ ಸೇರಿ ಕಟ್ಟಿದ್ದು. ದಂಡಪಾಣಿ ಅಣ್ಣ ಕೊಯಮತ್ತೂರಿಗೆ ಒಯ್ದ. ಅವತ್ತಿನಿಂದ ಮಾತಿಲ್ಲ. ನಾನು ಹೊಸದು ಕಟ್ಟಿದ್ದು ಹಟಕ್ಕೆ ಅನ್ನುತ್ತಾಳೆ ಇವಳು. ಇರಬಹುದು.

ಮಾರ್ಚ್ 14, ಶನಿವಾರ

ಕೋಮಾಳಿ ಎರಡು ದಿನದಿಂದ ತಿಂದಿರಲಿಲ್ಲ. ನಿನ್ನೆ ಹೋದೆ.

ಬಸ್ಸು ಲೇಟು. ಅಣ್ಣನ ಮನೆಯಲ್ಲಿ ದೀಪ ಹಚ್ಚಿಯಾಗಿತ್ತು. ಅವನು ಪೇಪರಿನಿಂದ ತಲೆ ಎತ್ತಲಿಲ್ಲ. ರಾಮಾಯಿ ಅತ್ತಿಗೆಗೆ ಹೇಳಿದೆ— ಮೀನು ಸಾಯುತ್ತಿದೆ, ನಿಮ್ಮ ತೊಟ್ಟಿಯ ಹಳೆ ಕಲ್ಲು ಒಂದು ಹಿಡಿ ಬೇಕು. ಯಾಕೆಂದಳು. ಹೆಪ್ಪಿದ್ದ ಹಾಗೆ ಅಂದೆ. ಜಾಣತನ ಹೆಚ್ಚಾಯಿತು.

"ಹೆಪ್ಪಾ? ಶುಕ್ರವಾರ, ದೀಪ ಹಚ್ಚಿದ ಮೇಲೆ ಹೆಪ್ಪು ಆಚೆ ಕೊಡಲ್ಲ. ಇದ್ದು ಬೆಳಗ್ಗೆ ತಗೊಂಡು ಹೋಗಿ."

ಕಲ್ಲಿಗೂ ಶಾಸ್ತ್ರವಾ ಅಂತ ಅಣ್ಣ ಗೊಣಗಿದ. ಅತ್ತಿಗೆ ಆಗಲೇ ಎರಡು ಎಲೆ ಹಾಕಿದ್ದಳು. ಪಕ್ಕಪಕ್ಕ ಕೂತು ಉಂಡೆವು. ಉಪ್ಪು ಕೇಳಿದ. ಸರಿಸಿದೆ.

ಬೆಳಗ್ಗೆ ಅವನೇ ತೋಳು ಮಡಿಸಿ ತೊಟ್ಟಿಗೆ ಕೈ ಹಾಕಿದ. ಒದ್ದೆ ಬನಿಯನ್ ತುಂಡಿನಲ್ಲಿ ಕಲ್ಲು ಸುತ್ತಿಕೊಟ್ಟ. ಒಣಗಿಸಬೇಡ, ಕೊಳಾಯಿ ನೀರು ಸೋಕಿಸಬೇಡ ಅಂದ. ಅಷ್ಟೇ.

ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ. ಪ್ಯಾಂಟೆಲ್ಲ ಒದ್ದೆ. ಸಂತೋಷವಾಗಿತ್ತು.

ಏಪ್ರಿಲ್ 12

ಸುಣ್ಣಕಲ್ಲಿಗೆ ಕಂದು ಲೋಳೆ ಹಿಡಿದಿದೆ. ಕೋಮಾಳಿ ಕೈ ಹತ್ತಿರ ಬಂದು ತಿನ್ನುತ್ತದೆ. ಅಣ್ಣನಿಗೆ ಒಂದು ಕಾರ್ಡು ಹಾಕೋಣ ಅಂದುಕೊಂಡೆ. ಹಾಕಲಿಲ್ಲ.

ಜೂನ್ 5, ಶುಕ್ರವಾರ. ಸಂಜೆ 7

ಅಣ್ಣ ಬಂದಿದ್ದಾನೆ. ಈ ಮನೆಗೆ ಇದೇ ಮೊದಲು.

ಅವರ ಬೀದಿಯಲ್ಲಿ ಎರಡು ದಿನ ಕರೆಂಟಿರಲಿಲ್ಲವಂತೆ. ಪಂಪು ನಿಂತು ಮೀನೆಲ್ಲ ಹೋದವು, ಕಲ್ಲು ಕಪ್ಪಾಗಿ ನಾರುತ್ತಿದೆ. ಹೊಸದಾಗಿ ಶುರು ಮಾಡಬೇಕು. ಬಾಗಿಲಲ್ಲೇ ನಿಂತು ಹೇಳಿದ. ಕೈಯಲ್ಲಿ ಒದ್ದೆ ಬನಿಯನ್ ತುಂಡು. ಒಂದು ಹಿಡಿ ಕೊಟ್ಟರೆ ಮುಂದಿನ ಬಸ್ಸಿಗೇ ಹೊರಡುತ್ತೇನೆ ಅಂದ.

ಒಳಗೆ ನೋಡಿದೆ. ನಾಚಿಯಮ್ಮ ಆಗತಾನೆ ದೀಪ ಹಚ್ಚಿದ್ದಳು.

"ಇವತ್ತು ಶುಕ್ರವಾರ ಅಣ್ಣ," ಅಂದೆ. "ಕೊಡಲ್ಲ."

ಅಣ್ಣ ಚಪ್ಪಲಿ ಬಿಟ್ಟ.

ಈಗ ತೊಟ್ಟಿಯ ಮುಂದೆ ಕೂತಿದ್ದಾನೆ. ಕಲ್ಲು ಎಲ್ಲಿಯದು ಅಂತ ಕೂಗಿ ಕೇಳುತ್ತಿದ್ದಾನೆ. ನಾಚಿಯಮ್ಮ ಎಲೆ ಹಾಕಿದಳು, ಎರಡು. ಹೋಗಿ ಉಂಡು ಬಂದು—